ಕುದಿಸಿದ ಸ್ವೆಟರು

ದುರ್ಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸೊರಬದ ಕಡೆಯ ಅವಳ ಗಂಡನ ಮನೆಯವರು ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಗೆ ಬರಬೇಕಾದರೂ ಒಂದಿಷ್ಟು ದಾರಿ ನಡೆಯಬೇಕಲ್ಲ. ಅವಳ ಸಿಟ್ಟು ಬೆಳಿಗ್ಗೆ ಅವಳಿಗಿಂತ ಮುಂಚೆಯೇ ಎದ್ದು, ಒಲೆಯ ಮುಂದೆ ಕೂತು, ಅವಳಿಗಾಗಿ ಕಾಯುತ್ತಿರುತ್ತಿತ್ತು. ಗಂಡ ಸುಬ್ಬಪ್ಪ ಮೆತ್ತನೆಯ ಮನುಷ್ಯ. "ಈಸೂರಿನ ಹೆಣ್ಣು ತಂದೀವಿ ಮಾರಾಯ, ಇಂಗ್ಲಿಷರ ಸರ್ಕಾರಕ್ಕೇ ಬಗ್ಗದ ಊರು, ನಂಗೆ ಬಗ್ತದಾ?" ಎಂದು ಹೇಳಿ ನಕ್ಕು, ಎತ್ತು ಹೊಡೆದುಕೊಂಡು ಗದ್ದೆಗೆ ಹೋಗಿಬಿಡುತ್ತಿದ್ದ.

ಆದರೆ ಆ ವರ್ಷ, ಕನ್ನಡ ಸೀಮೆಯೆಲ್ಲ ಒಂದಾದ ಎರಡನೆಯ ವರ್ಷ, ಅವಳ ಸಿಟ್ಟಿಗೆ ಕಾರಣವಿತ್ತು. ಅವಳ ಮಗನ ಜವಳ ಮಾಘದಲ್ಲಿ ಎಂದು ಗೊತ್ತಾಗಿತ್ತು. ಕೂಸಿಗೆ ಹನ್ನೊಂದು ತಿಂಗಳು. ಹುಟ್ಟುಗೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು. ಅದು ಇಂದು ನಿನ್ನೆಯ ಪದ್ಧತಿಯಲ್ಲ. ದುರ್ಗಮ್ಮನಿಗೆ ಒಬ್ಬನೇ ತಮ್ಮ, ಆನಂದಪ್ಪ. ಅವನ ತೊಡೆಯ ಮೇಲೆ ತಮ್ಮ ಮನೆಯ ಕೂಸನ್ನು ಕೂರಿಸಲಿಕ್ಕೆ ಗಂಡನ ಮನೆಯವರಿಗೆ ಮನಸ್ಸಿರಲಿಲ್ಲ.

ಏಕೆಂದರೆ ಆನಂದಪ್ಪನಿಗೆ ಕ್ಷಯ ಆಗಿತ್ತು. ಆಗಿತ್ತು, ಈಗ ಇಲ್ಲ. ಈ 'ಇತ್ತು'ಗೂ 'ಇದೆ'ಗೂ ಇರುವ ಅಂತರ ಡಾಕ್ಟರಿಗೆ ಗೊತ್ತಿತ್ತು, ದುರ್ಗಮ್ಮನಿಗೆ ಗೊತ್ತಿತ್ತು, ಊರಿಗೆ ಮಾತ್ರ ಗೊತ್ತಿರಲಿಲ್ಲ. ಇಪ್ಪತ್ತೊಂದನೆಯ ವಯಸ್ಸಿಗೆ ಕೆಮ್ಮು ಹಿಡಿದು, ಮೈಯೆಲ್ಲ ಎಲುಬಾಗಿ, ದೂರದ ಕ್ಷಯದ ಆಸ್ಪತ್ರೆಗೆ ಹೋದವನು ಎರಡೂವರೆ ವರ್ಷ ಅಲ್ಲಿದ್ದ. ಅವನು ಇನ್ನು ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಅವನಿಗೆ ಮಾತಾಗಿದ್ದ ಹೆಣ್ಣನ್ನು ಬೇರೆ ಕಡೆ ಕೊಟ್ಟರು. ಅವನು ಉಣ್ಣುತ್ತಿದ್ದ ತಟ್ಟೆಯನ್ನು ಹೊಳೆಗೆ ಎಸೆದರು. ಅಷ್ಟೆಲ್ಲ ಆದ ಮೇಲೆ ಅವನು ಬಂದುಬಿಟ್ಟ, ಗಟ್ಟಿಮುಟ್ಟಾಗಿ, ಕೆನ್ನೆ ತುಂಬಿಕೊಂಡು. ಅದೇ ಅವನ ದೊಡ್ಡ ತಪ್ಪು.

ಬರುವಾಗ ಎರಡು ಸಾಮಾನು ತಂದಿದ್ದ. ಒಂದು, ರೋಗ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಸೀಲು ಹೊಡೆದು ಕೊಟ್ಟ ಕಾಗದ. ಇನ್ನೊಂದು, ಎರಡು ಬಿದಿರಿನ ಕಡ್ಡಿ. ಆಸ್ಪತ್ರೆಯ ಜಗಲಿಯಲ್ಲಿ ತಿಂಗಳುಗಟ್ಟಲೆ ಅಲುಗಾಡದೆ ಮಲಗಿರಬೇಕಾಗಿದ್ದಾಗ ಒಬ್ಬ ನರ್ಸಮ್ಮ ಅವನಿಗೆ ಉಲ್ಲನ್ ಹೆಣೆಯುವುದನ್ನು ಕಲಿಸಿದ್ದಳು. ಕೈಗೆ ಕೆಲಸವಿಲ್ಲದಿದ್ದರೆ ತಲೆ ಕೆಡುತ್ತದೆ ಎಂದು ಆಕೆ ಅಂದಿದ್ದಳಂತೆ. ಕೈ ಕಲಿತದ್ದನ್ನು ಮತ್ತೆ ಬಿಡಲಿಲ್ಲ. ಮಾರಲಿಕ್ಕಲ್ಲ, ಹೊಟ್ಟೆಪಾಡಿಗಲ್ಲ, ಅಂಜನಾಪುರದ ಕಾಲುವೆ ನೀರು ಹಾಯುವ ಗದ್ದೆ ಮನೆಗಿತ್ತು. ಸುಮ್ಮನೆ ಖುಷಿಗೆ. ಹವ್ಯಾಸ ಎನ್ನುವ ಮಾತು ಈಸೂರಿನ ಬಾಯಿಗೆ ಇನ್ನೂ ಹತ್ತಿರಲಿಲ್ಲ, ಅಲ್ಲಿ ಚಟ ಎನ್ನುತ್ತಿದ್ದರು. ಬೀಡಿ ಚಟ, ಇಸ್ಪೀಟಿನ ಚಟ, ಆನಂದಪ್ಪನ ಉಲ್ಲನ್ ಚಟ. ಕಾಲುವೆಯಲ್ಲಿ ತನ್ನ ಸರದಿಯ ನೀರಿಗೆ ಕಾಯುತ್ತ ಏರಿಯ ಮೇಲೆ ಕೂತು ಸ್ವೆಟರು ಹೆಣೆಯುತ್ತಿದ್ದ ಅವನನ್ನು ನೋಡಿ ಜನ, "ಏನಪ್ಪಾ, ಬಸುರಿ ಬಯಕೆನಾ?" ಎಂದು ಕೇಳಿ ಹೋಗುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗ ದುರ್ಗಮ್ಮ ತವರಿಗೆ ಹೋಗಿದ್ದಳು. "ಕಂಬಳಿ ನೇಯೋರು ಗಂಡಸರಲ್ಲೇನೋ? ನೀ ಹೊದ್ದಿರೋ ಕಂಬಳಿ ನಿಮ್ಮಜ್ಜಿ ನೇದಿದ್ದಾ?" ಎಂದು ನಡು ಓಣಿಯಲ್ಲಿ ನಿಂತು ಕೇಳಿದಳು. ಕೇಳಿಸಿಕೊಂಡವನು ಆಮೇಲೆ ಆ ಓಣಿಯಲ್ಲಿ ಒಂದು ತಿಂಗಳು ಹಾಯಲಿಲ್ಲ.

ಸ್ವೆಟರೇನೋ ಹೆಣೆಯಬಹುದು, ತೊಡುವವರು ಬೇಕಲ್ಲ. ಮೊದಲನೆಯದನ್ನು ಶಾಲೆಯ ಮೇಷ್ಟರಿಗೆ ಕೊಟ್ಟ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು, ಬಾಯ್ತುಂಬ ಹೊಗಳಿದರು, ಮತ್ತೆ ಅದು ಅವರ ಮೈಮೇಲೆ ಕಾಣಲಿಲ್ಲ. ಹಲ್ಲು ಕಟಕಟ ಅನ್ನುವ ಮಾರ್ಗಶಿರದ ಬೆಳಿಗ್ಗೆ ಎದುರು ಸಿಕ್ಕಾಗ, "ಯಾಕೋ ಈ ಸಲ ಸೆಕೆ ಜಾಸ್ತಿ ಆನಂದಪ್ಪ" ಎಂದು ನಡುಗುತ್ತಲೇ ಹೇಳಿದರಂತೆ. ಎರಡನೆಯದನ್ನು ಪಡೆದವನು ಅದನ್ನು ಎಲ್ಲಿಟ್ಟನೋ. ಮೂರನೆಯದನ್ನು ಆನಂದಪ್ಪ ಯಾರಿಗೂ ಕೊಡಲಿಲ್ಲ, ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟ. ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಅವನು ಸಿಟ್ಟು ಮಾಡುತ್ತಿರಲಿಲ್ಲ. ಅವನ ಪಾಲಿನ ಸಿಟ್ಟನ್ನೂ ಅಕ್ಕನೇ ಮಾಡಿ ಮುಗಿಸುತ್ತಿದ್ದಳು.

ಅಂಥವನಿಗೆ ಅಕ್ಕನಿಗೊಂದು ಗಂಡುಕೂಸು ಆದದ್ದು ತಿಳಿದಾಗ ಆದ ಸಂತೋಷವನ್ನು ಕೇಳಬೇಕೆ? ತಾನು ಹೆಣೆದದ್ದನ್ನು ತೊಡುವ ಒಂದು ಮೈ ಕೊನೆಗೂ ಭೂಮಿಗೆ ಬಂತಲ್ಲ. ಶಿವಮೊಗ್ಗಕ್ಕೆ ಹೋಗಿ ಅರಿಶಿನ ಬಣ್ಣದ ಉಲ್ಲನ್ ತಂದ. ದೀಪಾವಳಿಗೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಅಕ್ಕನ ಮನೆಗೆ ಬಂದಾಗ ಸ್ವೆಟರು ಮುಗಿದಿರಲಿಲ್ಲ, ಒಂದು ತೋಳು ಬಾಕಿ ಇತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಹೆಣೆಯತೊಡಗಿದ. ನಡುವೆ ದಾರದ ಉಂಡೆ ಮುಗಿಯಿತು. ಹೊಸ ಉಂಡೆಯ ದಾರವನ್ನು ಹಳೆಯದಕ್ಕೆ ಸೇರಿಸಬೇಕಲ್ಲ, ಗಂಟು ಹಾಕಿದರೆ ಎಳೆಗೂಸಿನ ಮೈಗೆ ಒತ್ತುತ್ತದೆ. ಅದಕ್ಕೆ ನರ್ಸಮ್ಮ ಕಲಿಸಿದ ಉಪಾಯ ಇತ್ತು. ಎರಡೂ ತುದಿಗಳನ್ನು ಎಂಜಲಲ್ಲಿ ಒದ್ದೆ ಮಾಡಿ, ಒಂದರ ಮೇಲೊಂದು ಇಟ್ಟು, ಅಂಗೈಗಳ ನಡುವೆ ಬಿಸಿಯಾಗುವ ತನಕ ತಿಕ್ಕಿದರೆ ಉಲ್ಲನ್ನಿನ ನವಿರುಗಳು ಒಂದಕ್ಕೊಂದು ಹಿಡಿದುಕೊಂಡು ದಾರ ಒಂದೇ ಆಗುತ್ತದೆ. ಎಲ್ಲಿ ಸೇರಿಸಿದ್ದು ಎಂದು ಹುಡುಕಿದರೂ ಸಿಗುವುದಿಲ್ಲ. ಆನಂದಪ್ಪ ಹಾಗೆಯೇ ಮಾಡಿದ.

ಮೊರದಲ್ಲಿ ಅಕ್ಕಿ ಹಿಡಿದು ಬಾಗಿಲಿಗೆ ಬಂದ ಅತ್ತೆ ತಿಮ್ಮಮ್ಮ ಅದನ್ನು ನೋಡಿದಳು. ಆಗ ಬಾಯಿ ಬಿಡಲಿಲ್ಲ. ಮುಗಿದ ಸ್ವೆಟರನ್ನು ಕೂಸಿಗೆ ತೊಡಿಸಿ, ಎತ್ತಿ ಆಡಿಸಿ ಆನಂದಪ್ಪ ಬಸ್ಸು ಹತ್ತಿದ ಮೇಲೆ ಸೊಸೆಯನ್ನು ಕರೆದಳು.

"ನೋಡು ತಂಗಿ, ಒಂದು ಮಾತು ಹೇಳ್ತೆ. ಸಿಟ್ಟು ಮಾಡ್ಕಬೇಡ."

ಸಿಟ್ಟು ಮಾಡಬೇಡ ಎಂದು ಶುರುವಾಗುವ ಮಾತಿಗೆ ದುರ್ಗಮ್ಮ ಕೊನೆಯ ತನಕ ಕಾಯುವವಳಲ್ಲ. "ಏನು?" ಎಂದಳು, ಕೈ ಆಗಲೇ ಸೊಂಟಕ್ಕೆ ಹೋಗಿತ್ತು.

"ಅವ ದಾರಕ್ಕೆ ಎಂಜಲು ಹಚ್ಚಿ ತಿಕ್ಕಿದ್ದು ನಾ ಕಣ್ಣಾರೆ ಕಂಡೆ. ಇನ್ನೆಷ್ಟು ಕಡೆ ಹಂಗೆ ಮಾಡಿದಾನೋ. ಒಂದು ಹಂಡೆ ನೀರು ಕಾಯಿಸಿ ಅದನ್ನ ಕುದಿಸಿ ತೆಗಿ. ಆಮೇಲೆ ಹಾಕು, ಬೇಡ ಅನ್ನಾದಿಲ್ಲ."

"ಕೂಸಿಗೆ ಬಾಳೆಹಣ್ಣು ನಿಮ್ಮ ಬಾಯಾಗೆ ಅಗಿದು ತಿನ್ನಿಸ್ತೀರಲ್ಲ ಅತ್ತೆ, ಅದು ಎಂಜಲಲ್ಲೇನು?"

"ನನ್ನ ಬಾಯಲ್ಲಿ ರೋಗ ಇಲ್ಲ."

"ಅವನ ಬಾಯಾಗೂ ಇಲ್ಲ! ಅವನಿಗೆ ಡಾಕ್ಟರು ಸೀಲು ಹೊಡೆದು ಕೊಟ್ಟಾರೆ. ನಿಮ್ಮ ಬಾಯಿಗೆ ಯಾವ ಡಾಕ್ಟರು ಸೀಲು ಹೊಡೆದಾರೆ, ತೋರಿಸ್ರಿ!"

ತಿಮ್ಮಮ್ಮ ಕೆಟ್ಟವಳಲ್ಲ. ಅವಳ ತವರಿನಲ್ಲಿ ಒಂದೇ ವರ್ಷದಲ್ಲಿ ಇಬ್ಬರು ರಕ್ತ ಕಾರಿ ಸತ್ತಿದ್ದರು, ಅದರಲ್ಲಿ ಒಬ್ಬಳು ಅವಳ ಬೆನ್ನಿಗೆ ಬಿದ್ದ ತಂಗಿ. ಅದು ದುರ್ಗಮ್ಮನಿಗೂ ಗೊತ್ತಿತ್ತು. ಆದರೆ ಸಿಟ್ಟು ಬಂದಾಗ ಗೊತ್ತಿದ್ದದ್ದೆಲ್ಲ ಎಲ್ಲಿಗೆ ಹೋಗುತ್ತದೆಯೋ ಹೇಳಲಾಗದು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಹಟಕ್ಕೆ ಬಿದ್ದು ದುರ್ಗಮ್ಮ ದಿನಾ ಬೆಳಿಗ್ಗೆ ಕೂಸಿಗೆ ಅದೇ ಸ್ವೆಟರು ತೊಡಿಸಿ, ಸೊಂಟದ ಮೇಲೆ ಕೂರಿಸಿಕೊಂಡು, ಬೇಕೆಂದೇ ಬಾವಿಕಟ್ಟೆಯ ತನಕ ಹೋಗಿ ಬರುತ್ತಿದ್ದಳು. "ಯಾರು ಹೆಣೆದದ್ದೇ?" ಎಂದು ಯಾರಾದರೂ ಕೇಳಿದರೆ, "ನನ್ನ ತಮ್ಮ!" ಎಂದು ಮೂರು ಮನೆಗೆ ಕೇಳುವಂತೆ ಹೇಳುತ್ತಿದ್ದಳು.

ಎಂಟನೆಯ ದಿನ ಮಧ್ಯಾಹ್ನ ಕೂಸು ಕೆಮ್ಮಿತು.

ಏನು ಮಹಾ ಕೆಮ್ಮು! ಇಬ್ಬನಿ ಬೀಳುವ ಕಾಲ, ಊರಿನ ಕೂಸುಗಳೆಲ್ಲ ಕೆಮ್ಮುತ್ತಿದ್ದವು. ಮನೆಯಲ್ಲಿ ಯಾರೂ ಇರಲಿಲ್ಲ. ದುರ್ಗಮ್ಮ ತೊಟ್ಟಿಲ ಹತ್ತಿರ ನಿಂತಳು. ಕೂಸು ಇನ್ನೊಮ್ಮೆ ಕೆಮ್ಮಿತು, ಸಣ್ಣ ಒಣಕೆಮ್ಮು. ಆನಂದಪ್ಪನಿಗೂ ಹೀಗೆಯೇ ಶುರುವಾಗಿತ್ತು. ಗೊಬ್ಬರದ ಗಾಡಿಯ ಹಿಂದೆ ನಡೆಯುತ್ತ ಎರಡು ಸಲ ಕೆಮ್ಮಿದ್ದ, ಅವಳೇ "ದೂಳು ಕಣೋ" ಅಂದಿದ್ದಳು. ಅವಳಿಗೆ ಹೆದರಿಕೆಯಾಯಿತು. ಹೆದರಿ ಅಭ್ಯಾಸವಿಲ್ಲದವಳು ಹೆದರಿದರೆ ಏನು ಮಾಡಬೇಕೆಂದು ಅವಳಿಗೇ ತಿಳಿಯುವುದಿಲ್ಲ.

ಕೂಸಿನ ಮೈಯಿಂದ ಸ್ವೆಟರು ಬಿಚ್ಚಿದಳು. ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ಉರಿ ಹಾಕಿದಳು. ನೀರು ಕೊತಕೊತ ಕುದಿಯುವಾಗ ಸೀಗೆಪುಡಿಯ ಜೊತೆ ಸ್ವೆಟರನ್ನು ಅದಕ್ಕೆ ಹಾಕಿ ಕೋಲಿನಲ್ಲಿ ತಿರುವಿದಳು. ತೆಗೆದು ಕಲ್ಲಿಗೆ ತಿಕ್ಕಿದಳು. ಮತ್ತೆ ಹಾಕಿದಳು, ಮತ್ತೆ ತಿಕ್ಕಿದಳು. ಮೂರು ಸಲ. ತಿಕ್ಕುತ್ತ ತಿಕ್ಕುತ್ತ ಅತ್ತೆಯನ್ನು ಬೈಯುತ್ತಿದ್ದಳು. ಮುದುಕಿ ಆ ಮಾತು ತಲೆಗೆ ತುಂಬದಿದ್ದರೆ ತನಗೆ ಇದು ಹೊಳೆಯುತ್ತಿತ್ತೇ?

ಕೊನೆಗೆ ಹಿಂಡಿ ಕೊಡವಿ ನೋಡಿದರೆ ಕೈಯಲ್ಲಿದ್ದದ್ದು ಸ್ವೆಟರಲ್ಲ. ಬೊಂಬೆಗೆ ತೊಡಿಸುವಷ್ಟು ಸಣ್ಣದು, ಕಂಬಳಿಯ ತುಂಡಿನಂತೆ ದಪ್ಪ, ಬೆರಳಿಗೆ ಗಡಸು. ಹೆಣಿಗೆಯ ಒಂದು ಎಳೆಯೂ ಬೇರೆಯಾಗಿ ಕಾಣುತ್ತಿರಲಿಲ್ಲ. ಎಳೆದಳು, ಹಿಗ್ಗಲಿಲ್ಲ. ಕಾಲಲ್ಲಿ ಮೆಟ್ಟಿ ಎರಡೂ ಕೈಯಲ್ಲಿ ಎಳೆದಳು. ಅರಿವೆ ಕುದಿಸಿದರೆ ಬೆಳ್ಳಗಾಗುತ್ತದೆ ಎಂದಷ್ಟೇ ಅವಳಿಗೆ ಗೊತ್ತಿತ್ತು, ಅವಳ ಕೈಗೆ ಬಂದ ಮೊದಲ ಉಲ್ಲನ್ ಅದು. ಬೇಲಿಯ ಮೇಲೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಧಾರೆಸೀರೆಯ ಕೆಳಗೆ, ಟ್ರಂಕಿನ ತಳದಲ್ಲಿ ಇಟ್ಟಳು. ದೊಡ್ಡಪತ್ರೆಯ ರಸಕ್ಕೆ ಕೂಸಿನ ಕೆಮ್ಮು ಎರಡೇ ದಿನದಲ್ಲಿ ಹೋಯಿತು.

"ಸ್ವೆಟರು ಎಲ್ಲೇ?" ಎಂದು ಸುಬ್ಬಪ್ಪ ಒಂದು ಸಲ ಕೇಳಿದ. "ಚಳಿ ಜೋರಾಗಲಿ ಅಂತ ಎತ್ತಿಟ್ಟೀನಿ" ಎಂದಳು. ತಿಮ್ಮಮ್ಮ ಕೇಳಲೇ ಇಲ್ಲ. ಎಲ್ಲವನ್ನೂ ಕೇಳುವ ಮುದುಕಿ ಇದೊಂದನ್ನು ಯಾಕೆ ಕೇಳಲಿಲ್ಲ ಎಂದು ದುರ್ಗಮ್ಮ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಇಷ್ಟಾದ ಮೇಲೆ ಜವಳದ ಮಾತು ಬಂತು. ಸುಬ್ಬಪ್ಪ ಉಣ್ಣುತ್ತ, ತಟ್ಟೆಯನ್ನೇ ನೋಡುತ್ತ, "ಬಳ್ಳಿಗಾವಿಯ ಚಿಕ್ಕಬೀರಪ್ಪನೂ ನಿನಗೆ ಅಣ್ಣನೇ ಆಗಬೇಕಲ್ಲ, ದೊಡ್ಡಪ್ಪನ ಮಗ. ಅವನನ್ನೇ ಕೂರಿಸಿದರೆ ಹೆಂಗೆ?" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅವನ ಲೆಕ್ಕ.

ದುರ್ಗಮ್ಮ ಸಾರಿನ ಸೌಟನ್ನು ನೆಲಕ್ಕೆ ಕುಕ್ಕಿದಳು. "ನನ್ನ ತಮ್ಮ ಸತ್ತಾನೇನ್ರೀ? ಕಲ್ಲುಗುಂಡಿನಂಗೆ ಬದುಕಿರೋ ಸೋದರಮಾವನ್ನ ಬಿಟ್ಟು ಬಾಡಿಗೆ ಮಾವನ್ನ ತರ್ತೀರಾ? ಅವನ ತೊಡೆ ಮೇಲೆ ಕೂರದಿದ್ರೆ ನನ್ನ ಮಗನ ಕೂದಲು ಸೊಂಟಕ್ಕೆ ಇಳಿದ್ರೂ ಇಳೀಲಿ, ನಾ ತೆಗೆಸಾಕಿಲ್ಲ!"

ಅವಳು ಅಷ್ಟು ಕೂಗಿದ್ದನ್ನು ಮನೆಯವರು ಹಿಂದೆ ಕೇಳಿರಲಿಲ್ಲ. ಕೂಗಿದಷ್ಟೂ ಟ್ರಂಕಿನ ತಳದಲ್ಲಿದ್ದದ್ದು ಅವಳ ಕಣ್ಣಿಗೆ ಕಟ್ಟುತ್ತಿತ್ತು, ಕಟ್ಟಿದಷ್ಟೂ ಇನ್ನಷ್ಟು ಕೂಗುತ್ತಿದ್ದಳು. ಹತ್ತು ದಿನ ಹೀಗೆ ನಡೆಯಿತು. ಕೊನೆಗೆ ಸುಬ್ಬಪ್ಪ ಈಸೂರಿನಿಂದ ಆ ಸೀಲಿನ ಕಾಗದ ತರಿಸಿ, ಸೊರಬದ ಡಾಕ್ಟರಿಗೆ ತೋರಿಸಿ ಬಂದ. "ಏನೂ ಭಯ ಇಲ್ಲ ಅಂದರು" ಎಂದ. ತಿಮ್ಮಮ್ಮ "ಆಗಲಿ, ಅವನೇ ಕೂರಲಿ" ಎಂದಳು. ದುರ್ಗಮ್ಮ ಗೆದ್ದಳು. ಗೆದ್ದವಳ ಮುಖ ಹಾಗೆ ಬಾಡಿರುವುದಿಲ್ಲ.

ಜವಳದ ದಿನ ಬೆಳಿಗ್ಗೆ ಆನಂದಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ. ಅವನ ಮುಖ ನೋಡಿದರೆ ಅವನದೇ ಮದುವೆ ಅನ್ನಬೇಕು. ಎರಡೂವರೆ ವರ್ಷ ಆಸ್ಪತ್ರೆ, ಒಂದೂವರೆ ವರ್ಷ ಊರಿನ ಓರೆಗಣ್ಣು, ಅಷ್ಟರ ಮೇಲೆ ಮೊದಲ ಸಲ ಒಂದು ಮನೆಯವರು ಅವನನ್ನು ಶಾಸ್ತ್ರಕ್ಕೆ ಕರೆದು ನಡುಮನೆಯಲ್ಲಿ ಮಣೆ ಹಾಕಿದ್ದರು. ಬಳ್ಳಿಗಾವಿಯಿಂದ ಚಿಕ್ಕಬೀರಪ್ಪನೂ ಊಟಕ್ಕೆಂದು ಬಂದು ಗೋಡೆಗೆ ಒರಗಿ ಕೂತಿದ್ದ. ಅಂಗಳದಲ್ಲಿ ಕ್ಷೌರದವನು ಕತ್ತಿ ಮಸೆಯುತ್ತಿದ್ದ. ಬೋಳಿಸಿದ ಮೇಲೆ ಕೂಸಿಗೆ ಎರೆಯಲಿಕ್ಕೆ ಬಚ್ಚಲಲ್ಲಿ ಹಂಡೆ ಕಾಯುತ್ತಿತ್ತು.

ಆನಂದಪ್ಪ ಚೀಲದಿಂದ ಒಂದು ಟೋಪಿ ತೆಗೆದ. ಅರಿಶಿನ ಬಣ್ಣದ್ದು, ಮೇಲೊಂದು ಕುಚ್ಚು.

"ಬೋಳುತಲೆಗೆ ಚಳಿ ಆಗ್ತತಲ್ಲ ಅಕ್ಕಾ, ಅದಕ್ಕೆ ಹಾಕೀನಿ. ಸ್ವೆಟರು ತಾ, ಎರಡೂ ಬಣ್ಣ ಹೊಂದತಾವೋ ಇಲ್ಲೋ ನೋಡನ."

"ಅದು ಆಮೇಲೆ. ಮುಹೂರ್ತಕ್ಕೆ ಹೊತ್ತಾತು."

"ಹನ್ನೊಂದರ ತನಕ ಐತಂತಲ್ಲ. ತಾರಕ್ಕಾ."

"ಅದು ಸಣ್ಣದಾಗೇತಿ."

"ಸಣ್ಣದಾ? ಎರಡು ವರ್ಷದ ಅಳತೆಗೆ ಹಾಕಿದ್ದೆನಲ್ಲ." ಅವನು ನಕ್ಕ. "ಆಗಲಿ ಬಿಡು, ಕೂಸು ಚೆನ್ನಾಗಿ ಬೆಳೆದೈತೆ. ಕೊಡು, ಬಿಚ್ಚಿ ಮತ್ತೆ ದೊಡ್ಡದು ಹಾಕಿಕೊಡ್ತೀನಿ. ಉಲ್ಲನ್ನಿಂದು ಅದೇ ಸುಖ, ಎಷ್ಟು ಸಲ ಬೇಕಾದ್ರೂ ಬಿಚ್ಚಬಹುದು."

"ಆಮೇಲೆ ಅಂದೆನಲ್ಲ! ಒಂದು ಮಾತು ಹೇಳಿದ್ರೆ ತಿಳಿಯಾಕಿಲ್ವಾ?" ಎಂದು ಅವಳು ಗದರಿದಳು. ಆನಂದಪ್ಪ ಬೆಪ್ಪಾಗಿ ನೋಡಿದ. ಅವನ ಮೇಲೆ ಅವಳು ದನಿ ಏರಿಸಿದ್ದು ಕಡಿಮೆ.

ಇಷ್ಟರಲ್ಲಿ ಸುಬ್ಬಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಹೇಳಿಸಿಕೊಳ್ಳದೆ ಒಂದು ಕೆಲಸ ಮಾಡಿದ. ಹೆಂಡತಿಗೆ ಕೈಬಿಡುವಿಲ್ಲ ಎಂದುಕೊಂಡು ತಾನೇ ಒಳಗೆ ಹೋಗಿ, ಟ್ರಂಕು ತೆರೆದು, ತಳದ ತನಕ ಕೈ ಹಾಕಿ, ಹಳದಿ ಕಂಡದ್ದನ್ನು ಎಳೆದುಕೊಂಡು ಬಂದ. "ಇದೇ ಅಲ್ಲನಾ?" ಎಂದು ನಗುತ್ತ ಭಾವಮೈದುನನ ಕೈಗೆ ಕೊಟ್ಟ.

ಆನಂದಪ್ಪ ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳು ಅದರ ಮೇಲೆ ಒಂದು ಸಲ ಆಡಿತು, ಅಷ್ಟೇ. ಅಂಚು ಹಿಡಿದು ಎಳೆದ. ದಾರದ ತುದಿ ಹುಡುಕಿದ. ತುದಿ ಎಲ್ಲಿ ಸಿಗಬೇಕು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವನು ತಲೆ ಎತ್ತಿದಾಗ ನೋಡಿದ್ದು ಅಕ್ಕನನ್ನಲ್ಲ, ತಿಮ್ಮಮ್ಮನನ್ನು.

"ಕುದಿಸಿದಿರಾ ಅತ್ತೆ?"

ತಿಮ್ಮಮ್ಮ ಸೊಸೆಯ ಕಡೆ ಒಮ್ಮೆ ನೋಡಿದಳು. ಬೇಲಿಯ ಮೇಲೆ ಒಣಗಿದ್ದನ್ನು ಅವಳು ಅಂದೇ ಕಂಡಿದ್ದಳು ಎಂಬುದು ಆ ಒಂದು ನೋಟದಲ್ಲೇ ದುರ್ಗಮ್ಮನಿಗೆ ತಿಳಿಯಿತು. ತನ್ನ ಹತ್ತು ದಿನದ ಕೂಗಾಟವನ್ನೆಲ್ಲ ಈ ಮುದುಕಿ ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೇಳಿಸಿಕೊಂಡಿದ್ದಳು.

"ಹೂಂ ಕಣಪ್ಪ, ನಾನೇ" ಎಂದಳು ತಿಮ್ಮಮ್ಮ. "ಮುದುಕಿ, ಹೆದರಿಕೆ. ಮನಸ್ಸಿಗೆ ಹಚ್ಚಿಕೊಳಬೇಡ."

"ಇರ್ಲಿ ಬಿಡ್ರಿ ಅತ್ತೆ" ಎಂದ ಆನಂದಪ್ಪ. ಅವನಿಗೆ ಅದು ಅಭ್ಯಾಸವಾದ ಮಾತು. "ನಿಮ್ಮ ತಪ್ಪಲ್ಲ, ಊರೇ ಹಂಗೈತೆ."

ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ದುರ್ಗಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಜವಳ ನಡೆದು, ಪಾಯಸ ಉಂಡು, ತಮ್ಮ ನಗುತ್ತ ಬಸ್ಸು ಹತ್ತುತ್ತಿದ್ದ. ಆದರೆ ವರ್ಷವೆಲ್ಲ ಜಗಳವಾಡಿದ ಅತ್ತೆ ತನ್ನ ಪಾಪವನ್ನು ತಲೆಯ ಮೇಲೆ ಹೊತ್ತು ನಿಂತದ್ದು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೈಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಉಪಕಾರವನ್ನು ತಡೆಯಲಾರದೆ ಹೋದಳು.

"ಸುಳ್ಳು ಹೇಳಬ್ಯಾಡ್ರಿ!" ಎಂದು ಅತ್ತೆಯ ಮೇಲೆ ಕೂಗಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ನಾನು ಕಣೋ. ನಾನೇ ಕುದಿಸಿದ್ದು. ಕೂಸು ಕೆಮ್ಮಿತು, ಕುದಿಸಿದೆ. ಮೂರು ಸಲ ಕುದಿಸಿದೆ."

ಆನಂದಪ್ಪ ಆ ಹಳದಿ ಗಂಟನ್ನು ಮಣೆಯ ಪಕ್ಕದಲ್ಲಿ ಮೆಲ್ಲಗೆ ಇಟ್ಟ. ಅವನ ಮುಖದ ಬಣ್ಣ ಇಳಿದು, ಬೇರೆ ಬಣ್ಣ ಏರುವುದನ್ನು ಅವಳು ಕಂಡಳು. ಇಪ್ಪತ್ತೈದು ವರ್ಷ ಅವನಲ್ಲಿ ಅವಳು ಕಾಣದ ಬಣ್ಣ.

"ಇವರು ಮಾಡಿದ್ರೆ ನಂಗೆ ಬ್ಯಾಸರ ಇಲ್ಲ. ಮೇಷ್ಟರು ಮಾಡಿದ್ರೆ ಇಲ್ಲ. ನನ್ನ ತಟ್ಟೆ ಹೊಳಿಗೆ ಎಸೆದೋರ ಮೇಲೂ ಇಲ್ಲ. ಭೂಮಿ ಮ್ಯಾಲೆ ನಂಗೆ ಅಂತ ಒಬ್ಬಳಾದ್ರೂ ಅದಾಳೆ ಅಂತಿದ್ದೆ." ಅವನ ದನಿ ಏರಲಿಲ್ಲ, ಅದೇ ಕೇಳಲಿಕ್ಕೆ ಕಷ್ಟವಾದದ್ದು. "ಈಗ ಕೂಸನ್ನ ನನ್ನ ತೊಡಿ ಮ್ಯಾಲೆ ಕೂರಿಸ್ತೀಯ. ಬಚ್ಚಲಾಗೆ ಹಂಡೆ ಕಾಯ್ತಾ ಐತೆ. ನಾ ಎದ್ದು ಹೋದ ಮ್ಯಾಲೆ ಕೂಸನ್ನೂ ಕುದಿಸ್ತೀಯೇನಕ್ಕಾ?"

ಅಷ್ಟು ಹೇಳಿ ಎದ್ದು ಜಗಲಿಗೆ ಹೋದ. ಬಸ್ಸು ಎರಡು ಗಂಟೆಗೆ, ಹೋಗಬೇಕೆಂದರೂ ಹೋಗುವ ಹಾಗಿಲ್ಲ. ಚೀಲದಿಂದ ಬೂದುಬಣ್ಣದ ಒಂದು ಅರ್ಧ ಹೆಣಿಗೆ ತೆಗೆದು ಗೋಡೆಯ ಕಡೆ ಮುಖ ಮಾಡಿ ಕೂತ. ಅದು ಅವನು ತನಗೆಂದೇ ಹೆಣೆದುಕೊಳ್ಳುತ್ತಿದ್ದ ಸ್ವೆಟರು. ಬಿದಿರಿನ ಕಡ್ಡಿಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ನಡುಮನೆಯ ತನಕ ಕೇಳುತ್ತಿತ್ತು.

ಕ್ಷೌರದವನು ಕತ್ತಿಯನ್ನು ಮೂರನೆಯ ಸಲ ಮಸೆದ. ಸುಬ್ಬಪ್ಪ ಟ್ರಂಕು ಯಾಕಾದರೂ ತೆರೆದೆನೋ ಎಂದು ಕಂಬ ಹಿಡಿದು ನಿಂತಿದ್ದ. ಚಿಕ್ಕಬೀರಪ್ಪ ಗಂಟಲು ಸರಿಮಾಡಿಕೊಂಡ. "ಹೊತ್ತು ಮೀರ್ತದೆ ತಂಗಿ. ಹೆಂಗೂ ನಾ ಅದೀನಲ್ಲ" ಎಂದು ಶಾಲು ಕೊಡವಿ, ಮಣೆಯ ಮೇಲೆ ಕೂತು, ತೊಡೆಯನ್ನೂ ಸರಿಮಾಡಿಕೊಂಡ.

"ಏಳಣ್ಣ" ಎಂದಳು ದುರ್ಗಮ್ಮ.

"ಅಲ್ಲ, ಶಾಸ್ತ್ರಕ್ಕೆ..."

"ಮಣೆ ಬಿಟ್ಟು ಏಳು ಅಂದೆ!"

ಚಿಕ್ಕಬೀರಪ್ಪ ಎದ್ದ. ಎದ್ದ ವೇಗಕ್ಕೆ ಶಾಲು ಅಲ್ಲೇ ಉಳಿಯಿತು. ದುರ್ಗಮ್ಮ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಜಗಲಿಗೆ ಬಂದಳು. ತಮ್ಮ ತಿರುಗಲಿಲ್ಲ. ಅವಳಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಕೇಳಿದರೂ ಅವನು ಏನು ಮಾಡಬೇಕು? 'ಇರ್ಲಿ ಬಿಡಕ್ಕಾ' ಅನ್ನುತ್ತಾನೆ, ಮೇಷ್ಟರಿಗೆ ಅಂದ ಹಾಗೆ. ಆ ಮಾತು ಅವಳಿಗೆ ಬೇಡವಾಗಿತ್ತು. ಮಾತಿಲ್ಲದೆ ನಿಂತಳು. ಹಾಗೆ ಮಾತಿಲ್ಲದೆ ಅವಳು ನಿಂತದ್ದನ್ನು ಆ ಮನೆ ಅಲ್ಲಿಯ ತನಕ ನೋಡಿರಲಿಲ್ಲ.

ಅವನು ಎಷ್ಟು ಜೋರಾಗಿ ಹೆಣೆಯುತ್ತಿದ್ದನೆಂದರೆ ದಾರದ ಉಂಡೆ ಜಗಲಿಯ ಮೇಲೆ ಹಾರಿ ಹಾರಿ ಬೀಳುತ್ತಿತ್ತು. ಕೊನೆಗೆ ಅದು ಮುಗಿಯಿತು. ಚೀಲದಿಂದ ಹೊಸ ಉಂಡೆ ತೆಗೆದ. ಹಳೆಯ ದಾರದ ತುದಿಯನ್ನು ಬಾಯಿಗೆ ಹಾಕಿ ಒದ್ದೆ ಮಾಡಿ ತೆಗೆದ. ತೆಗೆದವನು ಹಿಂದೆ ಅಕ್ಕ ನಿಂತಿರುವುದನ್ನು, ಬಾಗಿಲಲ್ಲಿ ತಿಮ್ಮಮ್ಮ, ಸುಬ್ಬಪ್ಪ, ಚಿಕ್ಕಬೀರಪ್ಪ, ಎಲ್ಲರೂ ನೋಡುತ್ತಿರುವುದನ್ನು ಕಂಡ. ಕೈ ಹಾಗೆಯೇ ನಿಂತಿತು. ಎಂಜಲಾದ ಆ ದಾರವನ್ನು ಪಂಚೆಗೆ ಒರೆಸಿಕೊಳ್ಳಲು ಹೋದ.

ಒರೆಸಲಿಕ್ಕೆ ದುರ್ಗಮ್ಮ ಬಿಡಲಿಲ್ಲ. ಕೂಸನ್ನು ಜಗಲಿಯ ಮೇಲೆ ಕೂರಿಸಿ, ಅವನ ಕೈಯಿಂದ ದಾರ ಕಿತ್ತುಕೊಂಡು, ಅವನು ಬಾಯಿಂದ ತೆಗೆದ ತುದಿಯನ್ನು ಹಾಗೆಯೇ ತನ್ನ ಬಾಯಿಗೆ ಹಾಕಿಕೊಂಡಳು. ಹೊಸ ಉಂಡೆಯ ತುದಿಯನ್ನೂ ಹಾಕಿಕೊಂಡಳು. ಬಾಗಿಲಲ್ಲಿ ಚಿಕ್ಕಬೀರಪ್ಪ "ಶಿವ ಶಿವಾ" ಎಂದ. ಅವಳು ಎರಡೂ ತುದಿಗಳನ್ನು ತೆಗೆದು, ಅಂಗೈ ಮೇಲೆ ಸೇರಿಸಿಟ್ಟು, ಬಟ್ಟೆ ಒಗೆಯುವವಳ ರಭಸದಲ್ಲಿ ತಿಕ್ಕತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನೂ ಸಿಟ್ಟಿನಿಂದಲೇ ತೋಳಿಗೆ ಒರೆಸಿಕೊಂಡಳು.

"ಕುದಿಸೋದಾದ್ರೆ ಈಗ ನನ್ನ ಕುದಿಸ್ರಿ!" ಎಂದು ಬಾಗಿಲ ಕಡೆ ತಿರುಗಿ ಕೂಗಿದಳು. "ಹಂಡೆ ದೊಡ್ಡದೈತೆ, ನಾ ಹಿಡಿಸ್ತೀನಿ!"

ಅವಳು ದಾರವನ್ನು ತಮ್ಮನ ಮುಂದೆ ಹಿಡಿದಳು. ಆನಂದಪ್ಪ ಅದನ್ನು ತೆಗೆದುಕೊಂಡು, ಸೇರಿಸಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ, ಎರಡೂ ಕಡೆ ಹಿಡಿದು ಎಳೆದ. ದಾರ ಬಿಟ್ಟುಕೊಂಡಿತು.

"ಸಾಲದು" ಎಂದ, ಅವಳ ಮುಖ ನೋಡದೆ. "ಬಿಸಿ ಆಗೋ ತನಕ ತಿಕ್ಕಬೇಕು."

ಅವಳು ಮತ್ತೆ ಬಾಯಿಗೆ ಹಾಕಿಕೊಂಡಳು, ಮತ್ತೆ ತಿಕ್ಕಿದಳು. ಅಂಗೈ ಉರಿಯುವ ತನಕ ತಿಕ್ಕಿದಳು. ಈ ಸಲ ಅವನು ಎಳೆದಾಗ ಬಿಡಲಿಲ್ಲ. ಇನ್ನೊಮ್ಮೆ, ಬೇಕೆಂದೇ ಜೋರಾಗಿ ಎಳೆದ. ಆಗಲೂ ಬಿಡಲಿಲ್ಲ.

ಕೂಸು ಜಗಲಿಯ ಮೇಲೆ ಅಂಬೆಗಾಲಿಕ್ಕಿ ಬಂದು ಬೂದುಬಣ್ಣದ ಉಂಡೆಯನ್ನು ಹಿಡಿದು ಬಾಯಿಗೆ ತುರುಕಿಕೊಂಡಿತು. ಬಾಗಿಲಲ್ಲಿ ಯಾರೋ ಉಸಿರೆಳೆದುಕೊಂಡರು. ಆನಂದಪ್ಪ ಅಕ್ಕನನ್ನೇ ನೋಡುತ್ತಿದ್ದ. ದುರ್ಗಮ್ಮ ಕೈ ಕಟ್ಟಿ ನಿಂತಿದ್ದಳು, ಕದಲಲಿಲ್ಲ.

ಬಾಗಿಲ ಗುಂಪಿನಿಂದ ಮುಂದೆ ಬಂದದ್ದು ತಿಮ್ಮಮ್ಮ. ನಡುಮನೆಯಿಂದ ಮಣೆಯನ್ನು ತಾನೇ ಎತ್ತಿಕೊಂಡು ಬಂದು, ಜಗಲಿಯಲ್ಲಿ ಆನಂದಪ್ಪನ ಪಕ್ಕ ಇಟ್ಟು, ಸೆರಗಿನಿಂದ ಒರೆಸಿದಳು. "ಇಲ್ಲೇ ಆಗಲಿ. ಬೆಳಕು ಚೆನ್ನಾಗದೆ" ಎಂದಳು. ಅಂಗಳದಲ್ಲಿದ್ದ ಕ್ಷೌರದವನನ್ನು ಕೈ ಮಾಡಿ ಕರೆದಳು.

ಆನಂದಪ್ಪ ಹೆಣಿಗೆಯನ್ನು ಚೀಲಕ್ಕೆ ಹಾಕಿದ. ಮಣೆಯ ಮೇಲೆ ಕೂತು ಪಂಚೆಯನ್ನು ಸರಿಮಾಡಿಕೊಂಡ.

"ನಿನ್ನ ಮ್ಯಾಲಿನ ಸಿಟ್ಟು ಇಳಿದಿಲ್ಲ" ಎಂದ ಅಕ್ಕನಿಗೆ. "ಕೂಸನ್ನ ಕೊಡು."